ಯಾವುದರ ಸದ್ದು ಜೋರು?

ಜೂನ್ ೪

ಪ್ರೀತಿಯ ರಿಪೇರಮ್ಮನಿಗೆ,

ನಾನು ಕ್ಷೇಮ. ನೀನೂ ಹಾಗೇ ಇದ್ದೀಯ ಎಂದುಕೊಂಡು ನೇರವಾಗಿ ವಿಷಯಕ್ಕೆ ಬರುತ್ತೇನೆ. ಎಂಟು ತಿಂಗಳಿಂದ ಮಾತಿಲ್ಲ ಕತೆಯಿಲ್ಲ, ಲ್ಯಾಪ್‌ಟಾಪ್ ಬೇಕಾದಾಗ ಅಮ್ಮನಿಗೆ ಮಗಳ ನೆನಪಾಯಿತು ಎಂದು ನೀನು ಮೂಗು ಮುರಿಯುತ್ತೀಯ. ಮುರಿ. ಲ್ಯಾಪ್‌ಟಾಪಿನ ಹೊಟ್ಟೆ ಬಿಚ್ಚಿ ನೋಡುವವರು ಈ ಊರಿನಲ್ಲೂ ಇದ್ದಾರೆ. ಆದರೆ ಅವರು ಯಾರನ್ನೂ ನಾನು ಹೆತ್ತಿಲ್ಲವಲ್ಲ, ಬೈಯಲು ಬರುವುದಿಲ್ಲ.

ನನ್ನ ಲ್ಯಾಪ್‌ಟಾಪಿನ ಸದ್ದು ಅಡಗುತ್ತಿದೆ. ಎರಡು ವರ್ಷದಿಂದ ಹೀಗೆ. ಮೊದಲು ಅರ್ಧಕ್ಕೆ ಇಟ್ಟರೆ ಸಾಕಿತ್ತು, ಆಮೇಲೆ ಮುಕ್ಕಾಲು ಬೇಕಾಯಿತು, ಈಗ ಪೂರ್ತಿ ಇಟ್ಟರೂ ಜನ ಗೋಡೆಯಾಚೆ ಕೂತು ಮಾತಾಡಿದಂತೆ ಇರುತ್ತದೆ. ಹೆಡ್‌ಫೋನ್ ಹಾಕಿದರೂ ಅಷ್ಟೇ. ಮೂರು ಬದಲಾಯಿಸಿದೆ.

ನನ್ನ ಕೆಲಸ ನಿನಗೆ ಗೊತ್ತಿದ್ದದ್ದೇ. ಆದರೂ ಯಂತ್ರ ಆರಿಸುವವರಿಗೆ ಎಲ್ಲವನ್ನೂ ಹೇಳಬೇಕಂತೆ, ಹೇಳುತ್ತೇನೆ. ಕೆಲಸದ ಜಾಗದಲ್ಲಿ ಪೆಟ್ಟು ತಿಂದವರು ಪರಿಹಾರ ಮಂಡಳಿಯ ಮುಂದೆ ಹೇಳಿಕೆ ಕೊಡುತ್ತಾರೆ. ಅದರ ಧ್ವನಿಮುದ್ರಣ ನನಗೆ ಬರುತ್ತದೆ. ಕಾಲಿನ ಕೆಳಗೆ ಪೆಡಲ್ ಒತ್ತಿ ಹಿಂದೆ ಮುಂದೆ ಓಡಿಸುತ್ತಾ ಪ್ರತಿಯೊಂದು ಮಾತನ್ನೂ ಬೆರಳಚ್ಚು ಮಾಡುತ್ತೇನೆ. ಮೂರು ಸಲ ಕೇಳಿದರೂ ತಿಳಿಯದ ಕಡೆ ‘ಕೇಳಿಸದು’ ಎಂದು ಬರೆದು ಮುಂದೆ ಹೋಗಬೇಕು. ಊಹಿಸಿ ಬರೆಯಬಾರದು. ಕೊನೆಗೆ ‘ಕೇಳಿದ್ದನ್ನು ಕೇಳಿದಂತೆಯೇ ಬರೆದಿದ್ದೇನೆ’ ಎಂದು ಸಹಿ ಹಾಕಬೇಕು. ಇಪ್ಪತ್ತೆರಡು ವರ್ಷದಲ್ಲಿ ನಾನು ಒಂದು ಮಾತನ್ನೂ ಊಹಿಸಿ ಬರೆದವಳಲ್ಲ.

ಈಗ ಮಂಡಳಿಯವರು ಎಲ್ಲರ ‘ಕೇಳಿಸದು’ ಎಣಿಸಲು ಶುರುಮಾಡಿದ್ದಾರೆ. ಒಂದು ಗಂಟೆಯ ಮುದ್ರಣಕ್ಕೆ ಐದು ಇರಬಹುದಂತೆ. ನನ್ನದು ಹದಿನಾಲ್ಕು. ಸೆಪ್ಟೆಂಬರ್ ಕೊನೆಯೊಳಗೆ ಐದಕ್ಕೆ ಇಳಿಯದಿದ್ದರೆ ಕುರ್ಚಿ ಬಿಟ್ಟು ಏಳಬೇಕು. ಮನೆಯಲ್ಲಿ ಕೂತು ಗೋಡೆ ನೋಡುವ ವಯಸ್ಸು ನನಗಿನ್ನೂ ಆಗಿಲ್ಲ, ಐವತ್ತೇಳು.

ಅಂಗಡಿಯಲ್ಲಿ ಎರಡು ನೋಡಿ ಬಂದಿದ್ದೇನೆ. ಒಂದು ಕಪ್ಪು, ದೊಡ್ಡದು, ಪಕ್ಕದಲ್ಲಿ ಅಂಕಿಗಳ ಕೀಲಿಗಳೂ ಇವೆ. ಇನ್ನೊಂದು ಬೆಳ್ಳಿ ಬಣ್ಣದ್ದು, ತೆಳ್ಳಗೆ, ಹಗುರ. ಬೆಲೆ ಹೆಚ್ಚುಕಡಿಮೆ ಒಂದೇ. ವಿವರದ ಚೀಟಿಗಳನ್ನು ಇದರೊಂದಿಗೆ ಇಟ್ಟಿದ್ದೇನೆ. ಯಾವುದರ ಸದ್ದು ಜೋರು ಎಂದಷ್ಟೇ ಹೇಳು.

ಫೋನ್ ಮಾಡಬೇಡ. ನಿನ್ನ ಫೋನಿನಲ್ಲಿ ಬರೀ ಗೊರಗೊರ, ಅದರ ಮೇಲೆ ನೀನು ತುಟಿಯೊಳಗೇ ಮಾತಾಡಿ ಪಟ್ಟನೆ ಇಟ್ಟುಬಿಡುತ್ತೀಯ. ಮೆಸೇಜ್ ಕಳಿಸಿದರೆ ಹೆಬ್ಬೆರಳು ತೋರಿಸುತ್ತೀಯ. ಕಾಗದವಾದರೆ ನಾಲ್ಕು ಸಾಲಾದರೂ ಬರೆಯಬೇಕಾಗುತ್ತದೆ.

ಅಮ್ಮ


ಜೂನ್ ೧೨

ಅಮ್ಮನಿಗೆ,

ಪತ್ರ ಬಂತು. ಫೋನ್ ಮಾಡಬೇಡ ಎಂದಿದ್ದೀಯ. ಮಾಡುವ ಯೋಚನೆ ನನಗೂ ಇರಲಿಲ್ಲ.

ನಮ್ಮ ಸರ್ವಿಸ್ ಸೆಂಟರಿಗೆ ಬರುವ ಗಿರಾಕಿಗೆ ಹೇಳುವಂತೆ ಹೇಳುತ್ತೇನೆ. ಎರಡರ ಒಳಗೂ ಮೆದುಳು ಒಂದೇ, ನೆನಪಿನ ಜಾಗವೂ ಒಂದೇ. ವ್ಯತ್ಯಾಸ ಹೊರಗಡೆ. ಕಪ್ಪಿನ ಕೀಲಿಗಳು ಆಳವಾಗಿವೆ, ದಿನವಿಡೀ ಬೆರಳಚ್ಚು ಮಾಡಿದರೂ ಬೆರಳು ನೋಯುವುದಿಲ್ಲ. ಹಳೆಯ ಕಾಲದ ಅಗಲ ಕಿಂಡಿಗಳಿವೆ, ನಿನ್ನ ಪೆಡಲಿನ ತಂತಿ ನೇರವಾಗಿ ಕೂರುತ್ತದೆ. ಆದರೆ ಎರಡು ಕಿಲೋಗಿಂತ ಹೆಚ್ಚು ತೂಕ, ಬ್ಯಾಟರಿ ನಾಲ್ಕು ಗಂಟೆ ಬಂದರೆ ಹೆಚ್ಚು. ಬೆಳ್ಳಿಯದು ಒಂದೂಕಾಲು ಕಿಲೋ, ಬ್ಯಾಟರಿ ಹತ್ತು ಗಂಟೆ, ಪರದೆ ಚೆನ್ನಾಗಿದೆ. ಕೀಲಿಗಳು ಚಪ್ಪಟೆ. ಕಿಂಡಿಗಳೆಲ್ಲ ಸಣ್ಣವು, ಪೆಡಲಿಗೆ ಮಧ್ಯೆ ಒಂದು ತುಂಡು ಬೇಕಾಗುತ್ತದೆ, ಅದು ಕಳೆದುಹೋಗುತ್ತಲೇ ಇರುತ್ತದೆ.

ಮೇಜು ಬಿಟ್ಟು ಏಳದವರಿಗೆ ಕಪ್ಪು, ಹೊತ್ತು ತಿರುಗುವವರಿಗೆ ಬೆಳ್ಳಿ. ನೀನು ಎಲ್ಲಿಗೂ ಹೋಗುವವಳಲ್ಲ. ಕಪ್ಪು ತಗೋ.

ಸ್ಪೀಕರ್ ನೋಡಿ ಯಾರೂ ಲ್ಯಾಪ್‌ಟಾಪ್ ಕೊಳ್ಳುವುದಿಲ್ಲ. ಮೂರು ಹೆಡ್‌ಫೋನೂ ಒಟ್ಟಿಗೆ ಹಾಳಾಗುವುದಿಲ್ಲ, ಹಾಗಾಗಿ ಹಳೆಯದರಲ್ಲಿ ಸದ್ದಿನ ಚಿಪ್ ಹೋಗಿರಬೇಕು. ಹೊಸದು ಯಾವುದಾದರೂ ಅದಕ್ಕಿಂತ ಜೋರಾಗಿಯೇ ಇರುತ್ತದೆ.

ನಾಲ್ಕು ಸಾಲಿಗಿಂತ ಹೆಚ್ಚೇ ಬರೆದಿದ್ದೇನೆ.

ಮಗಳು


ಜೂನ್ ೨೧

ಪ್ರೀತಿಯ ರಿಪೇರಮ್ಮನಿಗೆ,

ನಿನ್ನ ಮಾತು ಕಟ್ಟಿಕೊಂಡು ಕಪ್ಪು ತರಲು ಹೋದೆ, ಬರಿಗೈಯಲ್ಲಿ ಬಂದೆ.

ಕೊಳ್ಳುವ ಮೊದಲು ಸದ್ದು ಹಾಕಿ ತೋರಿಸಪ್ಪ ಎಂದೆ. ಅಂಗಡಿಯವನು ಸುದ್ದಿ ಹಾಕಿದ. ಗಂಡಸು ಓದುವಾಗ ಪರವಾಗಿಲ್ಲ. ಹೆಂಗಸು ಓದಲು ಶುರುಮಾಡಿದಳು, ಬಾಯಿಗೆ ಹತ್ತಿ ತುರುಕಿಕೊಂಡ ಹಾಗೆ. ಬೆಳ್ಳಿಯದರಲ್ಲಿ ಹಾಕಿಸಿದೆ, ಅದೇ ಪಾಡು. ಜೋರು ಮಾಡು ಎಂದೆ, ಮಾಡಿದ. ಇನ್ನೂ ಜೋರು ಎಂದೆ.

“ಅಮ್ಮಾ, ಇದಕ್ಕಿಂತ ಜೋರು ಇಟ್ರೆ ಪಕ್ಕದ ಅಂಗಡಿಯವ್ರು ಜಗಳಕ್ಕೆ ಬರ್ತಾರೆ. ನೋಡಿ, ಎಲ್ಲಾ ನಮ್ಮನ್ನೇ ನೋಡ್ತಿದಾರೆ.”

ನಿಜ, ನಾಲ್ಕೈದು ಜನ ತಿರುಗಿ ನೋಡುತ್ತಿದ್ದರು. ಒಬ್ಬಳು ಕಿವಿ ಮುಚ್ಚಿಕೊಂಡಿದ್ದಳು, ನಾಟಕದವಳು. ನಾನು ಹೇಳಿದೆ, “ಜೋರಾಗಿದ್ಯಾ ಅಂತ ಕೇಳ್ತಿಲ್ಲ ಕಣಪ್ಪ, ಬಿಡಿಸಿ ಕೇಳ್ಸತ್ತಾ ಅಂತ ಕೇಳ್ತಿದೀನಿ.” ಅವನು ಏನೋ ಗೊಣಗಿದ. ಈಗಿನವರಿಗೆ ಬಾಯಿ ಬಿಟ್ಟು ಮಾತಾಡುವುದೇ ಗೊತ್ತಿಲ್ಲ, ಆ ಅಂಗಡಿಯವನಿಗೂ, ನಮ್ಮ ಮೇಲ್ವಿಚಾರಕನಿಗೂ, ನಿನಗೂ. ಇವತ್ತು ಬರುವ ಯಂತ್ರಗಳೂ ಹಾಗೇ. ಸದ್ದಿನ ಕಡೆ ಯಾರಿಗೂ ಗಮನವಿಲ್ಲ. ಆದ್ದರಿಂದ ಇನ್ನೊಮ್ಮೆ ಕೇಳುತ್ತೇನೆ, ನಿನಗೆ ಗೊತ್ತಿರುವವರನ್ನು ವಿಚಾರಿಸು. ಯಾವುದರ ಸ್ಪೀಕರ್ ಒಳ್ಳೆಯದು?

ಇನ್ನೊಂದು ಮಾತು. ನಾನು ಎಲ್ಲಿಗೂ ಹೋಗುವವಳಲ್ಲ ಎಂದು ಚುಚ್ಚಿದ್ದೀಯ. ಅಕ್ಟೋಬರಿನಲ್ಲಿ ನೀನು ಫೋನ್ ಮಾಡಿದ್ದೆ, ಏನೋ ಹೇಳಿದೆ. ಒಳ್ಳೆಯದಾಯ್ತು ಬಿಡು, ಆರೋಗ್ಯ ನೋಡ್ಕೋ ಎಂದೆ ನಾನು. ಅಷ್ಟಕ್ಕೇ ಫೋನ್ ಕುಕ್ಕಿದವಳು ನೀನು. ಆಮೇಲೆ ಮೂರು ಸಲ ನಾನೇ ಮಾಡಿದೆ, ನೀನು ಎತ್ತಲಿಲ್ಲ. ನಾನು ಮಾಡಿದ ತಪ್ಪಾದರೂ ಏನು? ಆರೋಗ್ಯ ನೋಡಿಕೋ ಎನ್ನುವುದೂ ತಪ್ಪೇ?

ಅಮ್ಮ


ಜುಲೈ ೧

ಅಮ್ಮನಿಗೆ,

ನಿನ್ನ ತಪ್ಪೇನು ಎಂದು ಕೇಳಿದ್ದೀಯ. ಆ ಸಾಲನ್ನು ಎಷ್ಟು ಸಲ ಓದಿದೆನೋ. ನಿನಗೆ ನಿಜವಾಗಿಯೂ ಗೊತ್ತಿಲ್ಲವೋ, ಇಲ್ಲ ಗೊತ್ತಿಲ್ಲದವಳಂತೆ ಆಡುತ್ತಿದ್ದೀಯೋ, ನನಗೆ ತಿಳಿಯುತ್ತಿಲ್ಲ. ನಾನು ಅದನ್ನು ಒಂದು ಸಲ ಬಾಯಿಬಿಟ್ಟು ಹೇಳಿದ್ದೇನೆ. ನಿಂತುಕೊಳ್ಳಲು ಶಕ್ತಿ ಇಲ್ಲದ ದಿನ, ಗೋಡೆ ಹಿಡಿದುಕೊಂಡು ಹೇಳಿದ್ದೇನೆ. ಎರಡನೇ ಸಲ ಹೇಳಲು ನನ್ನಿಂದಾಗದು. ದಯವಿಟ್ಟು ಕೆದಕಬೇಡ.

ಹಳೆಯ ಲ್ಯಾಪ್‌ಟಾಪನ್ನು ನನಗೆ ಕಳಿಸು. ಒಳಗೆ ಏನಾಗಿದೆ ಎಂದು ನೋಡುತ್ತೇನೆ. ಸರಿಮಾಡಲು ಬಂದರೆ ಹೊಸದೇ ಬೇಡ. ಅಲ್ಲಿಯವರೆಗೆ ಕಚೇರಿಯದರಲ್ಲಿ ಕೆಲಸ ಮಾಡು. ಸುತ್ತ ಬಟ್ಟೆ ತುರುಕಿ ಗಟ್ಟಿ ಪೆಟ್ಟಿಗೆಯಲ್ಲಿಡು. ಚಾರ್ಜರ್ ಮರೆಯಬೇಡ, ನೀನು ಮರೆಯುತ್ತೀಯ.

ಮಗಳು


ಜುಲೈ ೧೫

ರಿಪೇರಮ್ಮನಿಗೆ,

ಪೆಟ್ಟಿಗೆ ಕಳಿಸಿದ್ದೇನೆ. ಸುತ್ತ ಇಟ್ಟಿರುವುದು ನಿನ್ನದೇ ಹಳೆಯ ಸ್ವೆಟರುಗಳು, ಅವನ್ನು ವಾಪಸ್ಸು ಕಳಿಸುವುದು ಬೇಡ. ಚಾರ್ಜರ್ ಮರೆತಿಲ್ಲ, ಸ್ವೆಟರಿನ ತೋಳೊಳಗಿದೆ. ಕೆದಕಬೇಡ ಎಂದೆ, ಕೆದಕುವುದಿಲ್ಲ.

ಬೇಗ ನೋಡಿ ಹೇಳು, ಇಲ್ಲಿ ವಿಷಯ ಬಿಸಿಯಾಗಿದೆ. ಇಸ್ತ್ರಿ ಕಾರ್ಖಾನೆಯಲ್ಲಿ ಕೈ ಸುಟ್ಟುಕೊಂಡ ಒಬ್ಬ ಹೆಂಗಸಿನ ಹೇಳಿಕೆ ನನಗೆ ಬಂದಿತ್ತು. ನಲವತ್ತು ನಿಮಿಷ. ಅವಳ ದನಿಯೋ, ಬಾವಿಯೊಳಗಿಂದ ಬಂದ ಹಾಗೆ. ನನ್ನ ಲ್ಯಾಪ್‌ಟಾಪಿನಲ್ಲೂ ಕೇಳಿದೆ, ಕಚೇರಿಯದರಲ್ಲೂ ಕೇಳಿದೆ. ಇಪ್ಪತ್ತೊಂದು ಕಡೆ ‘ಕೇಳಿಸದು’ ಹಾಕಿ ಸಹಿಮಾಡಿ ಕೊಟ್ಟೆ. ಮೇಲ್ವಿಚಾರಕ ಅದನ್ನೇ ಪಕ್ಕದ ಮೇಜಿನವಳಿಗೆ ಕೊಟ್ಟ. ನನಗಿಂತ ಹದಿನೈದು ವರ್ಷಕ್ಕೆ ಚಿಕ್ಕವಳು, ನಾನೇ ಕೆಲಸ ಕಲಿಸಿದವಳು. ಅವಳು ಒಂದೇ ಮಧ್ಯಾಹ್ನದಲ್ಲಿ ಮುಗಿಸಿದಳು. ‘ಕೇಳಿಸದು’ ಎರಡೇ ಎರಡು.

ನನ್ನ ಮೈ ಉರಿದುಹೋಯಿತು. ಅವಳಿಗೇನು ಬೇರೆ ಕಿವಿ ಕೊಟ್ಟಿದ್ದಾರೆಯೇ? ಯಂತ್ರಗಳೆಲ್ಲ ಒಂದಕ್ಕಿಂತ ಒಂದು ಹಾಳಾಗಿರುವಾಗ ಹತ್ತೊಂಬತ್ತು ಕಡೆ ಅವಳಿಗೆ ಹೇಗೆ ಕೇಳಿಸಿತು? ಊಹಿಸಿ ತುಂಬಿಸಿದ್ದಾಳೆ, ಬೇರೆ ದಾರಿಯೇ ಇಲ್ಲ. ನಾನು ಸುಮ್ಮನಿರಲಿಲ್ಲ. ಅವಳು ಕಟ್ಟಿ ಬರೆದಿದ್ದಾಳೆ ಎಂದು ಮಂಡಳಿಗೆ ಲಿಖಿತ ದೂರು ಕೊಟ್ಟೆ. ಸೆಪ್ಟೆಂಬರ್ ಐದಕ್ಕೆ ವಿಚಾರಣೆ. ಅಲ್ಲಿಯವರೆಗೆ ಅವಳಿಗೆ ಕೆಲಸ ಕೊಡುವ ಹಾಗಿಲ್ಲ. ಕೈ ಸುಟ್ಟ ಹೆಂಗಸಿನ ಪ್ರಕರಣವೂ ನಿಂತಿದೆ. ಅದಕ್ಕೆ ನನಗೂ ಸಂಕಟವಿದೆ, ಆದರೆ ಸುಳ್ಳು ದಾಖಲೆಗಿಂತ ತಡವಾದ ದಾಖಲೆ ಲೇಸು.

ನನ್ನ ಲ್ಯಾಪ್‌ಟಾಪ್ ಕೆಟ್ಟಿದೆ ಎಂದು ನೀನು ಬರೆದುಕೊಟ್ಟರೆ ವಿಚಾರಣೆಯಲ್ಲಿ ಅದನ್ನು ಮುಂದಿಡುತ್ತೇನೆ. ನಿಮ್ಮ ಸರ್ವಿಸ್ ಸೆಂಟರಿನ ಮೊಹರು ಇರಲಿ.

ಅಮ್ಮ


ಜುಲೈ ೨೭

ಅಮ್ಮ,

ಮೊಹರು ಹಾಕಿದ ಕಾಗದ ನಾನು ಕೊಡಲಾರೆ. ಯಾಕೆಂದು ಬರೆಯಲು ಮೂರು ದಿನದಿಂದ ಒದ್ದಾಡುತ್ತಿದ್ದೇನೆ.

ಪೆಟ್ಟಿಗೆ ಬಂದ ದಿನವೇ ಬೆಂಚಿನ ಮೇಲಿಟ್ಟು ಚಾಲೂ ಮಾಡಿದೆ. ಶುರುವಾಗುವಾಗ ಬರುವ ಟಿಂಗ್ ಸದ್ದಿಗೆ ಇಬ್ಬರು ಸ್ಕ್ರೂಡ್ರೈವರ್ ಕೆಳಗೆ ಹಾಕಿದರು, ಅಷ್ಟು ಜೋರು. ಸದ್ದು ನೂರಕ್ಕೆ ನೂರು ಇತ್ತು. ಅದರ ಮೇಲೆ ನೀನು ಯಾರಿಂದಲೋ ಹಾಕಿಸಿಕೊಂಡ ಸದ್ದು ಹೆಚ್ಚಿಸುವ ಸಾಫ್ಟ್‌ವೇರ್ ಬೇರೆ, ಅದೂ ಮೂರು ಪಟ್ಟು. ಬಿಚ್ಚಿ ನೋಡಿದರೆ ಎರಡೂ ಸ್ಪೀಕರಿನೊಳಗೆ ಅದುರುವ ತೆಳು ಹಾಳೆ ಹರಿದಿದೆ. ಅದು ವಯಸ್ಸಾಗಿ ಹರಿಯುವುದಲ್ಲ. ತಿಂಗಳುಗಟ್ಟಲೆ ಕಿರುಚಿಸಿದರೆ ಹರಿಯುವುದು. ಚಿಪ್ ಹೋಗಿರಬೇಕು ಎಂದು ಬರೆದಿದ್ದೆನಲ್ಲ, ಅದು ನನ್ನ ತಪ್ಪು. ಚಿಪ್ ಸರಿಯಾಗಿದೆ. ನಾನು ಲ್ಯಾಪ್‌ಟಾಪ್ ಬಗ್ಗೆ ಮಾತ್ರ ಯೋಚಿಸಿದೆ.

ಹೆಡ್‌ಫೋನಿನ ದಾರಿ ಪರೀಕ್ಷಿಸಲು ಎದುರಿಗಿದ್ದ ಒಂದು ಮುದ್ರಣ ಹಾಕಿದೆ. ಅದು ಆ ಕೈ ಸುಟ್ಟ ಹೆಂಗಸಿನದು. ನಾನು ಕೇಳಬಾರದಿತ್ತು, ಒಂದು ನಿಮಿಷಕ್ಕೇ ನಿಲ್ಲಿಸಿದೆ. ನಮ್ಮ ಬೆಂಚಿನ ಮಾಮೂಲಿ ಹೆಡ್‌ಫೋನು, ಸದ್ದು ಅರ್ಧಕ್ಕಿಂತ ಕಡಿಮೆ. ಸಣ್ಣ ದನಿ, ನಿಜ. ಆದರೆ ಎಲ್ಲವೂ ಕೇಳಿಸುತ್ತದೆ ಅಮ್ಮ. ಅವಳು ಉಸಿರೆಳೆದುಕೊಳ್ಳುವುದೂ ಕೇಳಿಸುತ್ತದೆ. ನೀನು ಬೆರಳಚ್ಚು ಮಾಡಿದ್ದನ್ನು ತೆರೆದು ನೋಡಿದೆ. ಆ ಒಂದು ನಿಮಿಷದಲ್ಲಿ ನಾಲ್ಕು ಕಡೆ ‘ಕೇಳಿಸದು’ ಎಂದಿದೆ.

ಯಂತ್ರ ಸರಿಯಾಗಿದೆ. ಪಕ್ಕದ ಮೇಜಿನವಳು ಕಟ್ಟಿ ಬರೆದಿಲ್ಲ. ನಿನ್ನ ಕಿವಿ ತೋರಿಸಬೇಕು. ಇದನ್ನು ಸಿಟ್ಟಿನಿಂದ ಬರೆಯುತ್ತಿಲ್ಲ, ನನಗೆ ಭಯವಾಗಿದೆ.

ಇನ್ನೊಂದನ್ನು ಕೇಳಲೇಬೇಕು. ಇದೊಂದನ್ನು ಕೇಳಿದ ಮೇಲೆ ಬೇರೇನನ್ನೂ ಕೇಳುವುದಿಲ್ಲ. ಅಕ್ಟೋಬರಿನಲ್ಲಿ ನಾನು ಹೇಳಿದ್ದು ನಿನಗೆ ಕೇಳಿಸಿತ್ತೇ?

ಮಗಳು


ಆಗಸ್ಟ್ ೮

ಮಗಳಿಗೆ,

ಚೆನ್ನಾಗಿದೆ. ಸ್ಪೀಕರ್ ನೋಡು ಎಂದರೆ ಹೆತ್ತ ತಾಯಿಯ ಕಿವಿಗೇ ಬಂದೆ. ನಾಳೆ ಕಣ್ಣು, ನಾಡಿದ್ದು ತಲೆ. ಎಂಟು ತಿಂಗಳು ದೂರ ಕೂತು ಹಲ್ಲು ಮಸೆಯುತ್ತಿದ್ದೆ, ಈಗ ಸಮಯ ಸಿಕ್ಕಿತು.

ನನ್ನ ಕಿವಿಗೆ ಏನೂ ಆಗಿಲ್ಲ. ಮೇಲಿನ ಮಹಡಿಯವರು ಕುರ್ಚಿ ಎಳೆದರೆ ಕೇಳಿಸುತ್ತದೆ, ಬಸ್ಸು ತಿರುವಿಗೆ ಬಂದರೆ ಕೇಳಿಸುತ್ತದೆ. ಇಪ್ಪತ್ತೆರಡು ವರ್ಷ ಕಿವಿಯಿಂದಲೇ ಅನ್ನ ತಿಂದವಳು ನಾನು, ಆ ಅನ್ನವನ್ನೇ ನೀನೂ ತಿಂದು ಬೆಳೆದವಳು. ಯಾರೋ ಮೊನ್ನೆ ಮೊನ್ನೆ ಬಂದವಳ ಪರ ವಹಿಸಿಕೊಂಡು ನನಗೆ ಬುದ್ಧಿ ಹೇಳುತ್ತೀಯ.

ಅಕ್ಟೋಬರಿನ ವಿಷಯ ಕೇಳಿದ್ದೀಯ. ನೀನು ಹೇಳಿದ್ದು ನನಗೆ ಚೆನ್ನಾಗಿಯೇ ಕೇಳಿಸಿದೆ. ಒಂದು ಅಕ್ಷರವೂ ಬಿಡದೆ ಕೇಳಿಸಿದೆ. ಒಳ್ಳೆಯದಾಯ್ತು ಎಂದು ಅವತ್ತು ಹೇಳಿದ್ದೆ, ಇವತ್ತೂ ಅದನ್ನೇ ಹೇಳುತ್ತೇನೆ.

ಲ್ಯಾಪ್‌ಟಾಪ್ ನಾನೇ ಆರಿಸಿಕೊಳ್ಳುತ್ತೇನೆ. ನಿನ್ನ ಉಪಕಾರ ಸಾಕು.

ಅಮ್ಮ


ಆಗಸ್ಟ್ ೩೦

ಮಗಳಿಗೆ,

ಮೂರು ವಾರವಾಯಿತು. ನೀನು ಬರೆಯಲಿಲ್ಲ.

ಇವತ್ತು ಪೆಟ್ಟಿಗೆ ಬಂತು. ನಿನ್ನ ಒಂದು ಚೀಟಿಯಾದರೂ ಇದ್ದೀತು ಎಂದು ಎಲ್ಲ ಬಟ್ಟೆಗಳನ್ನೂ ಕೊಡವಿದೆ. ಸ್ವೆಟರುಗಳನ್ನೂ ವಾಪಸ್ಸು ಕಳಿಸಿದ್ದೀಯ. ಲ್ಯಾಪ್‌ಟಾಪಿಗೆ ಹೊಸ ಸ್ಪೀಕರ್ ಹಾಕಿದ್ದೀಯ, ಹಳೆಯ ಎರಡನ್ನು ಸಣ್ಣ ಪೊಟ್ಟಣದಲ್ಲಿ ಇಟ್ಟಿದ್ದೀಯ. ತೆಗೆದು ಅಂಗೈ ಮೇಲಿಟ್ಟುಕೊಂಡು ನೋಡಿದೆ. ಹಾಳೆ ಹರಿದು ಎರಡಾಗಿದೆ. ನನ್ನ ಕಿರುಬೆರಳು ಈ ಕಡೆಯಿಂದ ಆ ಕಡೆಗೆ ಹೋಗುತ್ತದೆ.

ಹೊಸ ಸ್ಪೀಕರಿನಲ್ಲಿ ಸದ್ದು ಹಾಕಿದೆ. ಮೊದಲಿನಷ್ಟೇ ಇದೆ.

ಸೆಪ್ಟೆಂಬರ್ ಐದಕ್ಕೆ ವಿಚಾರಣೆ. ನೀನು ಒಂದು ಸಾಲು ಬರೆದಿದ್ದರೆ ಚೆನ್ನಾಗಿತ್ತು, ಬೈಗುಳವಾದರೂ ಸರಿ.

ಅಮ್ಮ


ಸೆಪ್ಟೆಂಬರ್ ೧೨

ನನ್ನ ಮಗಳೇ,

ಇದನ್ನು ಓದದೆ ಹರಿದುಹಾಕಬೇಡ. ಓದಿ ಆಮೇಲೆ ಹರಿ.

ವಿಚಾರಣೆಗೆ ಎರಡು ದಿನ ಮೊದಲು ಕಿವಿ ಪರೀಕ್ಷೆಗೆ ಹೋದೆ. ಸರಿಯಿದೆ ಎಂದು ಬರೆಸಿಕೊಂಡು ಬಂದು ನಿನ್ನ ಮುಖಕ್ಕೂ ಮಂಡಳಿಯ ಮುಖಕ್ಕೂ ಹಿಡಿಯಬೇಕು ಎನ್ನುವ ಹಟ. ಬೀರುವಿನಂಥ ಒಂದು ಗಾಜಿನ ಕೋಣೆ. ಒಳಗೆ ಕೂರಿಸಿ ಹೆಡ್‌ಫೋನ್ ಹಾಕಿದರು, ಕೈಗೆ ಒಂದು ಗುಂಡಿ ಕೊಟ್ಟರು. ಪರೀಕ್ಷೆ ಮಾಡುವವಳು ಎಳೆಯ ವಯಸ್ಸಿನವಳು, ನನ್ನ ಎದುರು ಬಗ್ಗಿ ನಿಧಾನವಾಗಿ ಹೇಳಿದಳು, “ಸದ್ದು ಕೇಳಿಸಿದಾಗೆಲ್ಲಾ ಒತ್ತಿ.” ಬಾಗಿಲು ಹಾಕಿಕೊಂಡು ಹೊರಗೆ ಹೋಗಿ ಕೂತಳು.

ಮೊದಲು ದಪ್ಪನೆಯ ಕೆಲವು ಸದ್ದು ಬಂತು, ಒತ್ತಿದೆ. ಆಮೇಲೆ ನಿಂತಿತು. ಬೇರೇನೋ ಸಿದ್ಧ ಮಾಡಿಕೊಳ್ಳುತ್ತಿದ್ದಾಳೆ ಎಂದುಕೊಂಡು ಕಾದೆ. ಗಾಜಿನಾಚೆ ಅವಳು ತಲೆ ತಗ್ಗಿಸಿ ಏನೋ ಮಾಡುತ್ತಲೇ ಇದ್ದಳು. ನಾನು ಕೋಣೆಯ ಗೋಡೆ ನೋಡಿದೆ, ನನ್ನ ಚಪ್ಪಲಿ ನೋಡಿಕೊಂಡೆ. ಎಷ್ಟು ಹೊತ್ತು ಹೀಗೆ ಕೂರಿಸುತ್ತಾಳಪ್ಪ ಎಂದು ಬೇಜಾರಾಯಿತು. ಕೊನೆಗೆ ಬಾಗಿಲು ತೆಗೆದಳು.

“ಮತ್ತೆ ಯಾವಾಗಮ್ಮ ಶುರು ಮಾಡೋದು?” ಎಂದೆ.

“ಮುಗೀತು, ಮೇಡಂ,” ಎಂದಳು.

ಅವಳೇ ಕೈಹಿಡಿದು ಎಬ್ಬಿಸಿದಳು. ಮಕ್ಕಳ ದನಿ, ಹೆಂಗಸರ ದನಿ ಇರುವ ಎತ್ತರದಲ್ಲಿ ನನ್ನ ಕಿವಿ ಮೂರು ನಾಲ್ಕು ವರ್ಷದಿಂದ ಇಳಿಯುತ್ತಾ ಬಂದಿದೆಯಂತೆ. ಬಸ್ಸು, ಕುರ್ಚಿ ಎಲ್ಲ ದಪ್ಪ ಸದ್ದು, ಅವು ಕೇಳಿಸುತ್ತವೆ. ಅದಕ್ಕೇ ನಾನು ಮೋಸಹೋದೆ. ಯಂತ್ರವನ್ನು ಬೈದೆ, ಅಂಗಡಿಯವನನ್ನು ಬೈದೆ, ನೀನು ತುಟಿಯೊಳಗೆ ಮಾತಾಡುತ್ತೀಯ ಎಂದೆ. ಕಿವಿಗೆ ಇಟ್ಟುಕೊಳ್ಳುವ ಯಂತ್ರಕ್ಕೆ ಅಳತೆ ತೆಗೆದುಕೊಂಡಿದ್ದಾರೆ. ಎದುರು ಕೂತು ಮಾತಾಡಿದರೆ ಪರವಾಗಿಲ್ಲ, ಮುದ್ರಣದ ಸಣ್ಣ ದನಿಗೆ ಭರವಸೆ ಕೊಡಲಾರೆವು ಎಂದರು.

ಐದನೇ ತಾರೀಕು ಆ ಚೀಟಿಯನ್ನೇ ಮೇಜಿನ ಮೇಲಿಟ್ಟು ದೂರು ವಾಪಸ್ಸು ತೆಗೆದುಕೊಂಡೆ. ಪಕ್ಕದ ಮೇಜಿನವಳ ಎದುರು ನಿಂತು, ಎಲ್ಲರ ಮುಂದೆ ತಪ್ಪಾಯಿತು ಎಂದೆ. ಅವಳು ಎದ್ದು ಹತ್ತಿರ ಬಂದು, ಬಾಯಿ ಅಗಲಿಸಿ, “ನಿಮಗೆ ಹೇಳ್ಬೇಕು ಅಂತ ಎಷ್ಟು ಸಲ ಅನ್ಕೊಂಡೆ. ಹೆದರಿಕೆ ಆಗ್ತಿತ್ತು,” ಎಂದಳು. ನನಗೆ ಹೆದರುತ್ತಿದ್ದಳಂತೆ. ಎಲ್ಲರೂ ಹೆದರುತ್ತಿದ್ದರಂತೆ. ಕೈ ಸುಟ್ಟ ಹೆಂಗಸಿನ ಪ್ರಕರಣ ಮತ್ತೆ ಹೊರಟಿದೆ. ತಿಂಗಳ ಕೊನೆಗೆ ಕಾಯದೆ ನಾನೇ ಕುರ್ಚಿ ಬಿಟ್ಟೆ. ಬೆರಳಚ್ಚಾದ ಹಾಳೆಗಳ ತಪ್ಪು ಒಪ್ಪು ನೋಡುವ ಮೇಜಿನಲ್ಲಿ ಕಣ್ಣಿನ ಕೆಲಸವಿದೆ, ಅದನ್ನು ಕೇಳಿದ್ದೇನೆ. ಕೊಡುತ್ತಾರೋ ಇಲ್ಲವೋ ತಿಳಿಯದು.

ಇದೆಲ್ಲ ಸುತ್ತುಬಳಸು. ಬರೆಯಬೇಕಾದದ್ದು ಬೇರೆ.

ಆಗಸ್ಟ್ ಎಂಟರ ಪತ್ರದಲ್ಲಿ ನಾನು ಸುಳ್ಳು ಬರೆದೆ. ಅಕ್ಟೋಬರಿನಲ್ಲಿ ನೀನು ಹೇಳಿದ್ದು ನನಗೆ ಒಂದು ಅಕ್ಷರವೂ ಕೇಳಿಸಲಿಲ್ಲ. ನೀನು ಮಾತಾಡುತ್ತಿದ್ದೀಯ ಎಂದಷ್ಟೇ ಗೊತ್ತಾಗುತ್ತಿತ್ತು. ಮಾತು ನಿಂತಾಗ, ಏನಾದರೂ ಅನ್ನಬೇಕಲ್ಲ ಎಂದು ‘ಒಳ್ಳೆಯದಾಯ್ತು ಬಿಡು’ ಎಂದೆ. ಆಗೆಲ್ಲ ಎಲ್ಲರಿಗೂ ಹಾಗೇ ಅನ್ನುತ್ತಿದ್ದೆ. ಹಾಲಿನವನಿಗೂ, ಮೇಲಿನ ಮಹಡಿಯವಳಿಗೂ. ಹೆಚ್ಚಿನ ಸಲ ನಡೆದುಹೋಗುತ್ತಿತ್ತು. ನೀನು ಕೇಳಿಸಿತೇ ಎಂದು ಕೇಳಿದಾಗಲಾದರೂ ನಿಜ ಬರೆಯಬಹುದಿತ್ತು. ಸೊಕ್ಕು ಬಿಡಲಿಲ್ಲ.

ಇಪ್ಪತ್ತೆರಡು ವರ್ಷ ಗುರುತಿಲ್ಲದವರ ಮಾತಿಗೆಲ್ಲ, ಕೇಳಿಸದಿದ್ದರೆ ‘ಕೇಳಿಸದು’ ಎಂದು ಪ್ರಾಮಾಣಿಕವಾಗಿ ಬರೆದೆ. ನಿನ್ನೊಬ್ಬಳ ಮಾತಿಗೆ ಬರೆಯಲಿಲ್ಲ.

ಅವತ್ತು ಏನು ಹೇಳಿದೆ ಮಗಳೇ? ಎರಡನೇ ಸಲ ಆಗದು ಎಂದಿದ್ದೀಯ. ಕೇಳುವ ಮುಖ ನನಗಿಲ್ಲ, ಆದರೂ ಕೇಳುತ್ತಿದ್ದೇನೆ.

ಅಮ್ಮ


ಸೆಪ್ಟೆಂಬರ್ ೧೯

ಅಮ್ಮ,

ಆಗಸ್ಟಿನ ನಿನ್ನ ಪತ್ರ ಓದಿದ ದಿನ ನನಗೆ ಅಮ್ಮ ಇಲ್ಲ ಎಂದುಕೊಂಡೆ. ಮೊನ್ನೆಯದನ್ನು ಓದಿದ ಮೇಲೆ ತುಂಬಾ ಅತ್ತೆ. ಸಿಟ್ಟು ಪೂರ್ತಿ ಹೋಗಿದೆ ಎಂದು ಹೇಳಲಾರೆ. ಒಂದು ವರ್ಷ ಹೊತ್ತುಕೊಂಡದ್ದನ್ನು ಒಂದೇ ದಿನದಲ್ಲಿ ಇಳಿಸಲು ಬರುವುದಿಲ್ಲ.

ಬಾಯಿಬಿಟ್ಟು ಹೇಳಲು ಈಗಲೂ ಆಗದು. ನಿನ್ನ ಕೆಲಸದ ರೀತಿಯಲ್ಲೇ ಬರೆಯುತ್ತೇನೆ.

ಅಕ್ಟೋಬರ್ ೩. ಬೆಳಿಗ್ಗೆ ಹತ್ತೂಕಾಲು. ಆಸ್ಪತ್ರೆಯ ಕಾರಿಡಾರಿನಿಂದ.

ಮಗಳು: ಅಮ್ಮಾ, ನಿಂಗೆ ಹೇಳಿರ್ಲಿಲ್ಲ. ನಾಲ್ಕು ತಿಂಗಳಾಗಿತ್ತು. ಐದಕ್ಕೆ ಬಿದ್ಮೇಲೆ ಬಂದು ನಿನ್ನೆದುರು ನಿಂತ್ಕೊಂಡು ತೋರಿಸ್ಬೇಕು ಅಂತಿದ್ದೆ. ನಿನ್ನೆ ಹೋಯ್ತಮ್ಮ. ಮಗು ಉಳೀಲಿಲ್ಲ. ನೀನು ಬರ್ತೀಯಾ?

ತಾಯಿ:

ಆ ಸಾಲು ಖಾಲಿ ಬಿಟ್ಟಿದ್ದೇನೆ. ಅವತ್ತು ನಿನ್ನ ಅಳಿಯ ನಿನಗೆ ತಾನೇ ಫೋನ್ ಮಾಡುತ್ತೇನೆಂದರು. ಅಮ್ಮನಿಗೆ ಹೇಳಿ ಆಯಿತು, ಒಳ್ಳೆಯದಾಯ್ತು ಅಂದಳು ಎಂದೆ. ಅವತ್ತಿನಿಂದ ಈ ಮನೆಯಲ್ಲಿ ನಿನ್ನ ಹೆಸರು ಯಾರೂ ಎತ್ತಲಿಲ್ಲ.

ಲ್ಯಾಪ್‌ಟಾಪಿನ ಬಗ್ಗೆ ಕೇಳಿದ್ದೆಯಲ್ಲ. ಕಣ್ಣಿನ ಕೆಲಸವಾದರೆ ಪರದೆ ಮುಖ್ಯ, ಪೆಡಲ್ ಬೇಕಾಗುವುದಿಲ್ಲ. ಸ್ಪೀಕರ್ ಯಾವುದಾದರೇನು. ಯೋಚಿಸಿ ತಗೋ.

ಮಗಳು


ಸೆಪ್ಟೆಂಬರ್ ೨೪

ಮಗಳೇ,

ಅಡುಗೆಮನೆಯ ನೆಲದ ಮೇಲೆ ಕೂತು ಅತ್ತೆ. ಎಲ್ಲರೂ ಅತ್ತು ಮುಗಿಸಿ ಒಂದು ವರ್ಷವಾದ ಮೇಲೆ ನಾನು ಅಳುತ್ತಿದ್ದೇನೆ. ಆ ಮಗುವಿಗೂ ನಿನಗೂ ನಾನು ಏನೆಂದೆ ಎಂದು ನೆನೆದು ನಿನ್ನ ಕಾಗದವನ್ನು ಮತ್ತೆ ಮತ್ತೆ ಓದುತ್ತೇನೆ.

ನೀನು ಬಿಟ್ಟ ಸಾಲು ತುಂಬಿಸಲು ಪೆನ್ನು ಹಿಡಿದು ಎರಡು ದಿನ ಕೂತೆ. ಏನೇನೋ ಬರೆದೆ, ಹೊಡೆದುಹಾಕಿದೆ. ಆದದ್ದನ್ನು ಆದಂತೆ ಬರೆಯಬೇಕು, ಆಮೇಲೆ ಹೊಳೆದ ಒಳ್ಳೆಯ ಮಾತನ್ನು ಅಲ್ಲಿ ತುರುಕಬಾರದು. ನನಗೆ ಬರುವುದು ಇದೊಂದೇ ನಿಯಮ. ಹಾಗಾಗಿ:

ಅಕ್ಟೋಬರ್ ೩.

ತಾಯಿ: ಕೇಳಿಸದು.

ಸೆಪ್ಟೆಂಬರ್ ೨೪.

ತಾಯಿ: ಬರ್ತೀನಿ.

ಇವತ್ತು ಬೆಳಿಗ್ಗೆ ಅಂಗಡಿಗೆ ಹೋದೆ. ನನ್ನನ್ನು ಬಾಗಿಲಲ್ಲೇ ಕಂಡು ಅಂಗಡಿಯವನು ಪಾಪ, ಎರಡನ್ನೂ ತಂದು ಮೇಜಿನ ಮೇಲಿಟ್ಟು ಸುದ್ದಿ ಹಾಕಲು ಹೋದ. ಸದ್ದು ಬೇಡಪ್ಪ, ಯಾವುದು ಹಗುರ ಹೇಳು ಎಂದೆ. ಅವನು ನನ್ನ ಮುಖವನ್ನೇ ನೋಡಿದ. ಬೆಳ್ಳಿಯದು ತಗೊಂಡೆ. ನೀನು ಮೊದಲೇ ಬರೆದಿದ್ದೆ, ಹೊತ್ತು ತಿರುಗುವವರಿಗೆ ಬೆಳ್ಳಿ ಎಂದು. ಕಣ್ಣಿನ ಕೆಲಸವನ್ನು ಮೂರು ತಿಂಗಳ ಮಟ್ಟಿಗೆ ಕೊಟ್ಟಿದ್ದಾರೆ, ಎಲ್ಲಿ ಕೂತು ಬೇಕಾದರೂ ಮಾಡಬಹುದು. ನೀನು ಹೋಗು ಎನ್ನುವವರೆಗೆ ನಿನ್ನ ಮನೆಯಲ್ಲಿ ಕೂತು ಮಾಡುತ್ತೇನೆ. ಕೈಚೀಲದ ಒಂದು ಬದಿಗೆ ಅದು ಹೋಯಿತು, ಇನ್ನೊಂದು ಬದಿಗೆ ನನ್ನ ಬಟ್ಟೆ. ನೀನು ವಾಪಸ್ಸು ಕಳಿಸಿದ ಸ್ವೆಟರುಗಳನ್ನು ಮೇಲೆ ಇಟ್ಟಿದ್ದೇನೆ. ಈ ಸಲ ಅವು ಅಲ್ಲೇ ಉಳಿಯಲಿ.

ಶನಿವಾರ ಮಧ್ಯಾಹ್ನ ಎರಡೂವರೆಗೆ ಬಸ್ಸು ನಿಮ್ಮ ಊರು ತಲುಪುತ್ತದೆ. ಕಿವಿಯ ಯಂತ್ರ ಬರಲು ಇನ್ನೂ ಮೂರು ವಾರವಿದೆ. ಹಾಗಾಗಿ ನಿಲ್ದಾಣದಲ್ಲಿ ನನ್ನನ್ನು ಹಿಂದಿನಿಂದ ಕೂಗಬೇಡ, ನಾನು ತಿರುಗಲಿಲ್ಲವೆಂದು ಮತ್ತೆ ನೊಂದುಕೊಳ್ಳಬೇಡ. ಬಂದು ನನ್ನ ಎದುರು ನಿಂತುಕೋ.

ಅಮ್ಮ